ಸ್ಪಷ್ಟನೆ: ಹದಿನೈದು ಗೆರೆಯ ಹತ್ತು ರೂಪಾಯಿ ನಾಣ್ಯವೂ ಅಸಲಿಯೇ

‘ಹತ್ತು ರೂಪಾಯಿ ನಾಣ್ಯದಲ್ಲಿ 10 ಗೆರೆ ಇದ್ದರೆ ಅಸಲಿ, 15 ಇದ್ದರೆ ಖೋಟಾ, ರೂಪಾಯಿ ಚಿಹ್ನೆ ಇಲ್ಲದ್ದು ನಡೆಯುವುದಿಲ್ಲ’ ಎಂಬ ವಾಟ್ಸಾಪ್ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಪೂರ್ತಿ ಸುಳ್ಳು.

ಅಲ್ಲಿಯವರೆಗೆ ಬಿಡುಗಡೆಯಾಗಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ರೂಪಾಯಿ ಚಿಹ್ನೆ ನಾಣ್ಯಕ್ಕೆ ಬಂದದ್ದು 2011ರಲ್ಲಿ. ಅದಕ್ಕೂ ಮೊದಲು ಟಂಕಿಸಿದ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? ಹಳೆಯದು, ಹೊಸದು ಎರಡನ್ನೂ ಅಂಗೈ ಮೇಲಿಟ್ಟು ನೋಡಿ: ಅಗಲ 27 ಮಿಲಿಮೀಟರ್, ಹೊರಗೆ ಹಳದಿ ಬಳೆ, ನಡುವೆ ಬೆಳ್ಳಗಿನ ಬಿಲ್ಲೆ. ಬದಲಾದದ್ದು ಚಿತ್ರ ಮಾತ್ರ.

ಹಾಗಾದರೆ ಅಂಗಡಿಯವರು ಯಾಕೆ ಬೇಡ ಅನ್ನುತ್ತಾರೆ? ತಾವು ತೆಗೆದುಕೊಂಡರೆ ಮುಂದಿನವರು ತೆಗೆದುಕೊಳ್ಳುವುದಿಲ್ಲ ಎಂಬ ಭಯ. ಎಲ್ಲರೂ ಹಾಗೇ ಅಂದುಕೊಂಡರೆ ಒಳ್ಳೆಯ ದುಡ್ಡೂ ಡಬ್ಬದಲ್ಲೇ ಉಳಿಯುತ್ತದೆ. ಚಿಲ್ಲರೆಯಲ್ಲೇ ಬದುಕುವ ಸೊಪ್ಪಿನವರಿಗೆ, ಆಟೋದವರಿಗೆ ಪೆಟ್ಟು ಬೀಳುತ್ತದೆ.

ಒಂದು ಮಿತಿ ಮಾತ್ರ ನಿಜ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ ₹1,000ವರೆಗೆ, 50 ಪೈಸೆಯಲ್ಲಿ ₹10ವರೆಗೆ ಪಾವತಿಸಬಹುದು. ಅದಕ್ಕಿಂತ ಹೆಚ್ಚಿಗೆ ಕೊಟ್ಟರೆ ಎದುರಿನವರು ಬೇಡ ಎನ್ನಬಹುದು.

ನಾಣ್ಯ ಕೂಡಿಬಿದ್ದಿದ್ದರೆ ನೂರು ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಂಕಿಗೆ ಒಯ್ಯಿರಿ, ಎಣಿಕೆ ಬೇಗ ಮುಗಿಯುತ್ತದೆ. ನಿರಾಕರಿಸಿದರೆ ಮೊದಲು ಆ ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಸಲ್ಲಿಸಬಹುದು, ಮಾಹಿತಿಗೆ 14448.