ಎಂಬತ್ತರಲ್ಲೂ ವೇದಿಕೆಯ ಮೇಲೆ

ವಯಸ್ಸಾದ ರಾಕ್ ಗಾಯಕರು ಇಂದಿಗೂ ದೇಶ ದೇಶ ಸುತ್ತಿ ಕಾರ್ಯಕ್ರಮ ಕೊಡುತ್ತಿರುವ ಮಾತು ಬಂದಾಗಲೆಲ್ಲ ಶಿರಸಿಯ ನನ್ನ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: ಇಷ್ಟು ಹೆಸರು, ಇಷ್ಟು ದುಡ್ಡು ಮಾಡಿದ ಮೇಲೂ ಇವರಿಗೆ ಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳಲು ಏನು ಕಷ್ಟ? ಹೀಗೆ ಕೇಳುವವರಲ್ಲಿ ಹೆಚ್ಚಿನವರು ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷಕ್ಕಾಗಿ ರಾತ್ರಿಯಿಡೀ ನಿದ್ದೆಗೆಟ್ಟು ಕುಳಿತವರು. ಚಿಟ್ಟಾಣಿಯವರು ಎಂಬತ್ತು ದಾಟಿದ ಮೇಲೂ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬರುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅದನ್ನು ನಿವೃತ್ತಿಯ ಸನ್ಮಾನವೆಂದು ಯಾರೂ ಭಾವಿಸಲಿಲ್ಲ. ಯಕ್ಷಗಾನದ ಇನ್ನೊಬ್ಬ ಹಿರಿಯ ಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಆ ವಯಸ್ಸಿನಲ್ಲಿ ಅವರು ರಂಗಕ್ಕೆ ಬರಬಾರದಿತ್ತು ಎಂಬ ಮಾತನ್ನು ಹೊನ್ನಾವರ ಸೀಮೆಯಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ನಮ್ಮ ಕಲಾವಿದರಿಗೆ ಕೇಳದೆಯೇ ಕೊಟ್ಟ ಈ ಹಕ್ಕನ್ನು ಗಿಟಾರು ಹಿಡಿದ ಹಿರಿಯರಿಗೆ ಕೊಡಲು ನಾವು ಹಿಂದೆ ಮುಂದೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಹಣದಾಸೆ ಎಂಬ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ. ಅದರಲ್ಲಿ ಸತ್ಯವೂ ಇದೆ. ಕ್ಯಾಸೆಟ್ಟು, ಸಿಡಿಗಳ ಮಾರಾಟ ಕುಸಿದು, ಹಾಡು ಫೋನಿನಲ್ಲಿ ಬಿಟ್ಟಿಯಾಗಿ ಸಿಗತೊಡಗಿದ ಮೇಲೆ ಸಂಗೀತಗಾರರ ಆದಾಯದ ದೊಡ್ಡ ಪಾಲು ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮಗಳಿಂದಲೇ ಬರಬೇಕಾಯಿತು. ವಾದ್ಯದವರು, ಧ್ವನಿ ಮತ್ತು ಬೆಳಕಿನವರು, ಲಾರಿ ಓಡಿಸುವವರು ಎಲ್ಲರ ಹೊಟ್ಟೆಪಾಡೂ ಅದರ ಮೇಲೆಯೇ ನಿಂತಿತು. ಆದರೆ ಅಮೆರಿಕದ ಗಾಯಕರಾದ ಬಾಬ್ ಡಿಲನ್ 2020ರಲ್ಲಿ ತಾವು ಬರೆದ ಹಾಡುಗಳ ಹಕ್ಕನ್ನು ಯೂನಿವರ್ಸಲ್ ಕಂಪನಿಗೂ, ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2021ರಲ್ಲಿ ತಮ್ಮ ಹಾಡುಗಳ ಹಕ್ಕನ್ನು ಸೋನಿಗೂ ಮಾರಿದಾಗ ಅವರಿಗೆ ಸಿಕ್ಕಿದ್ದು ಮೊಮ್ಮಕ್ಕಳ ಕಾಲಕ್ಕೂ ಕರಗದಷ್ಟು ಹಣ. ಅಷ್ಟಾದ ಮೇಲೂ ಇಬ್ಬರೂ ಪ್ರವಾಸ ನಿಲ್ಲಿಸಲಿಲ್ಲ. 1988ರಿಂದ ಹೆಚ್ಚುಕಡಿಮೆ ನಿರಂತರವಾಗಿ ಹಾಡುತ್ತ ಬಂದ ಡಿಲನ್, ಕೊರೊನಾ ಕಾಲದ ಬಿಡುವು ಮುಗಿದದ್ದೇ ತಡ, 2021ರ ನವೆಂಬರಿನಲ್ಲಿ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಹೊಸ ಹಾಡುಗಳನ್ನು ಕಟ್ಟಿಕೊಂಡು ಮತ್ತೆ ಹೊರಟರು. 2016ರಲ್ಲಿ ನೊಬೆಲ್ ಬಂದದ್ದು ಕೂಡ ಅವರ ದಿನಚರಿಯನ್ನು ಬದಲಿಸಿರಲಿಲ್ಲ. ಹಣವೊಂದೇ ಕಾರಣವಾಗಿದ್ದರೆ ಇವರು ಎಂದೋ ಮನೆ ಸೇರಬೇಕಿತ್ತು.

2003ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಅಲ್ಲಿ ಓದುತ್ತಿದ್ದೆ. ತಂಡದ ಗಾಯಕ ಮಿಕ್ ಜ್ಯಾಗರ್ ಅವರಿಗೆ ಆಗ 59. ಮುದುಕರಾಗಿದ್ದಾರೆ, ಇನ್ನು ನೋಡಲು ಸಿಗಲಿಕ್ಕಿಲ್ಲ ಎಂಬ ಕಾರಣ ಕೊಟ್ಟೇ ಹಾಸ್ಟೆಲ್ಲಿನ ಗೆಳೆಯರು ನನ್ನನ್ನು ಎಳೆದುಕೊಂಡು ಹೋಗಿದ್ದರು. ವೇದಿಕೆಯ ಈ ತುದಿಯಿಂದ ಆ ತುದಿಗೆ ಆ ಮನುಷ್ಯ ಓಡಿದ್ದನ್ನು ಕಂಡು ದೂರದಲ್ಲಿ ನಿಂತ ನಮಗೇ ಏದುಸಿರು ಬಂದಂತಾಗಿತ್ತು. 2019ರ ಏಪ್ರಿಲ್‌ನಲ್ಲಿ ಅವರ ಹೃದಯದ ಕವಾಟಕ್ಕೆ ಚಿಕಿತ್ಸೆಯಾಯಿತು. ಅದೇ ಜೂನ್‌ನಲ್ಲಿ ಶಿಕಾಗೋದಲ್ಲಿ ಹಾಡಿದರು. 2021ರ ಆಗಸ್ಟ್‌ನಲ್ಲಿ ತಂಡದ ಡ್ರಮ್ ವಾದಕ ಚಾರ್ಲಿ ವಾಟ್ಸ್ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ಸ್ಟೀವ್ ಜೋರ್ಡನ್ ಅವರನ್ನು ಡ್ರಮ್ಮಿಗೆ ಕೂರಿಸಿಕೊಂಡು ತಂಡ ಅಮೆರಿಕ ಪ್ರವಾಸ ಆರಂಭಿಸಿತು. ಅರ್ಧ ಶತಮಾನಕ್ಕೂ ಮಿಕ್ಕಿ ಬೆನ್ನ ಹಿಂದೆ ತಾಳ ಹಿಡಿದವರನ್ನು ಕಳೆದುಕೊಂಡು ಮತ್ತೆ ಅದೇ ಹಾಡಿಗೆ ಅದೇ ಜಾಗದಲ್ಲಿ ನಿಲ್ಲುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕೆಂಬುದು, ಹಳೆಯ ಮದ್ದಳೆಗಾರರು ಹೋದ ಮೇಲೆ ಮೊದಲ ಪದ್ಯ ಎತ್ತುವ ಭಾಗವತರನ್ನು ನೋಡಿದವರಿಗೆ ತಿಳಿಯುತ್ತದೆ.

ಕಂಠಕ್ಕೆ ವಯಸ್ಸಾಗುವುದು ನಿಜ. ಧ್ವನಿತಂತುಗಳು ಮೊದಲಿನಂತೆ ಮಣಿಯುವುದಿಲ್ಲ, ಶ್ವಾಸ ಕಡಿಮೆಯಾಗುತ್ತದೆ, ತಾರಸ್ಥಾಯಿ ಕೈಕೊಡುತ್ತದೆ. ಆದ್ದರಿಂದಲೇ ಹಿರಿಯ ಗಾಯಕರಲ್ಲಿ ಹಲವರು ಹಳೆಯ ಹಾಡುಗಳ ಶ್ರುತಿ ಇಳಿಸಿಕೊಳ್ಳುತ್ತಾರೆ, ಎಳೆದು ಹಾಡುತ್ತಿದ್ದ ಸ್ವರವನ್ನು ಮೊಟಕು ಮಾಡುತ್ತಾರೆ, ಸಾಲನ್ನು ಹಾಡುವ ಬದಲು ಆಡುತ್ತಾರೆ. ಡಿಲನ್ ಅಂತೂ ತಮ್ಮ ಹಳೆಯ ಹಾಡುಗಳ ಧಾಟಿಯನ್ನೇ ಬದಲಿಸಿ, ಎರಡು ಸಾಲು ಮುಗಿಯುವ ತನಕ ಇದು ಯಾವ ಹಾಡೆಂದು ಕೇಳುಗರಿಗೆ ಗೊತ್ತಾಗದಂತೆ ಹಾಡುತ್ತಾರೆ. ಇದರ ಬಗ್ಗೆ ದೂರುವವರಿಗೆ ನಾನು ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಿರಿಯ ವೇಷಧಾರಿಗಳನ್ನು ತೋರಿಸಬಯಸುತ್ತೇನೆ. ಮೊಣಕಾಲು ಸೋತು ಮಂಡಿ ಕುಣಿತ ಕಡಿಮೆಯಾದಾಗ ಅವರ ಅಭಿನಯವೆಲ್ಲ ಕಣ್ಣಿಗೆ, ಹುಬ್ಬಿಗೆ, ಬೆರಳಿಗೆ ಬಂದು ಸೇರುತ್ತದೆ. ಹತ್ತು ಸುತ್ತು ಮಂಡಿ ಹೊಡೆಯುವ ಹುಡುಗ ಎಷ್ಟು ಚಪ್ಪಾಳೆ ಗಿಟ್ಟಿಸಿದರೂ ಆ ಹುಬ್ಬಿನ ಕೆಲಸ ಅವನಿಗೆ ಇನ್ನೂ ಒಲಿದಿರುವುದಿಲ್ಲ. 2022ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರಾಕ್ ತಂಡ ಜೆನೆಸಿಸ್ ಲಂಡನ್ನಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟಾಗ, ಈಗ ಡ್ರಮ್ ಬಾರಿಸಲಾಗದ ಅದರ ಡ್ರಮ್ ವಾದಕ-ಗಾಯಕ ಫಿಲ್ ಕಾಲಿನ್ಸ್ ಕುರ್ಚಿಯ ಮೇಲೆ ಕುಳಿತು ಹಾಡಿದರು, ಹಿಂದೆ ಅವರ ಮಗನೇ ಡ್ರಮ್ಮಿಗೆ ಕುಳಿತಿದ್ದ. 2025ರ ಜುಲೈ 5ರಂದು ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲುತ್ತಿದ್ದ ರಾಕ್ ಗಾಯಕ ಆಜಿ ಆಸ್ಬರ್ನ್ ತಮ್ಮ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದಂಥ ಆಸನದಲ್ಲಿ ಕುಳಿತೇ ಹಾಡಿದರು. ಅದೇ ತಿಂಗಳು 22ರಂದು ತೀರಿಕೊಂಡರು. ಈ ಎರಡು ಕಾರ್ಯಕ್ರಮಗಳನ್ನು ಕರುಣೆಯಿಂದ ನೋಡಬೇಕೆಂದು ನನಗೆ ಅನ್ನಿಸುವುದಿಲ್ಲ. ಕುಳಿತು ಹಾಡಿದ ಹಾಡಿಗೂ ಅದರದೇ ಆದ ತೂಕವಿದೆ.

ವೇದಿಕೆಯ ಹೊರಗೆ ಇವರು ಅಕಸ್ಮಾತ್ ಎದುರಾದಾಗ ಅಭಿಮಾನಿಗಳು ನಡೆದುಕೊಳ್ಳುವ ರೀತಿಯಲ್ಲೂ ಇದೇ ತೊಂದರೆ ಇದೆ. ಎದುರಿಗಿರುವ ವ್ಯಕ್ತಿ ನಮಗೆ ಕಾಣುವುದೇ ಇಲ್ಲ. ನಲವತ್ತು ವರ್ಷದ ಹಿಂದಿನ ಪೋಸ್ಟರಿನ ಮುಖವನ್ನೇ ಹುಡುಕುತ್ತೇವೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಾರ್ಲಟ್ ನಗರದ ಕಾರ್ಯಕ್ರಮದ ಹಿಂದಿನ ರಾತ್ರಿ ಜ್ಯಾಗರ್ ಅಲ್ಲಿನ ಸಣ್ಣದೊಂದು ಬಾರಿನ ಹೊರಗೆ ಟೋಪಿ ಹಾಕಿಕೊಂಡು ಬಿಯರ್ ಹಿಡಿದು ನಿಂತಿದ್ದ ಚಿತ್ರವನ್ನು ಅವರೇ ಹಂಚಿಕೊಂಡಿದ್ದರು. ಹಿಂದೆ ಕುಳಿತವರು ತಮ್ಮ ತಮ್ಮ ಮಾತಿನಲ್ಲಿ ಮುಳುಗಿದ್ದರು, ಒಬ್ಬರೂ ತಿರುಗಿ ನೋಡಿರಲಿಲ್ಲ. 2009ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್ ಎಂಬ ಊರಿನಲ್ಲಿ ಮಳೆಯಲ್ಲಿ ಒಬ್ಬರೇ ಅಡ್ಡಾಡುತ್ತಿದ್ದ ಡಿಲನ್ ಅವರನ್ನು ಯಾರೋ ಅಪರಿಚಿತ ಮುದುಕನೆಂದು ಬಗೆದು ಪೊಲೀಸರಿಗೆ ಹೇಳಿದರು. ಬಂದ ಯುವ ಅಧಿಕಾರಿಗೂ ಗುರುತು ಹತ್ತದೆ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ತಂಡದ ಬಸ್ಸು ನಿಂತಿದ್ದಲ್ಲಿಗೆ ಹೋಗಿ ವಿಚಾರಿಸಬೇಕಾಯಿತು. ಸುದ್ದಿ ಓದಿದವರು ನಕ್ಕರು. ನನಗೆ ಮಾತ್ರ, ಗುರುತು ಸಿಗದ ಆ ಸ್ವಲ್ಪ ಹೊತ್ತು ಅವರಿಗೆ ಬೇಕಾಗಿದ್ದದ್ದೇ ಇರಬೇಕು ಎನ್ನಿಸಿತು.

ಗುರುತು ಹಿಡಿದವರೆಲ್ಲ ಒಳ್ಳೆಯವರೇ ಆಗಿರುವುದಿಲ್ಲ ಎಂಬುದನ್ನೂ ಇವರು ಕಂಡಿದ್ದಾರೆ. 1980ರ ಡಿಸೆಂಬರ್ 8ರಂದು ಬೀಟಲ್ಸ್ ತಂಡದ ಜಾನ್ ಲೆನ್ನನ್ ಅವರಿಂದ ಮನೆಯ ಮುಂದೆ ಹಸ್ತಾಕ್ಷರ ಹಾಕಿಸಿಕೊಂಡ ಅಭಿಮಾನಿಯೇ ಅದೇ ರಾತ್ರಿ ಅವರನ್ನು ಗುಂಡಿಟ್ಟು ಕೊಂದ. 1999ರಲ್ಲಿ ಅದೇ ತಂಡದ ಜಾರ್ಜ್ ಹ್ಯಾರಿಸನ್ ಅವರ ಮನೆಗೇ ನುಗ್ಗಿ ಇರಿದವನಿದ್ದಾನೆ. ಆ ಬೀಟಲ್ಸ್ ತಂಡದಲ್ಲಿ ಉಳಿದವರಾದ ರಿಂಗೋ ಸ್ಟಾರ್ 2008ರಲ್ಲಿ ಇನ್ನು ಹಸ್ತಾಕ್ಷರ ಕೊಡುವುದಿಲ್ಲವೆಂದು ಸಾರಿದಾಗ, ಪಾಲ್ ಮೆಕಾರ್ಟ್ನಿ ಸೆಲ್ಫಿ ಬೇಡ, ಬೇಕಾದರೆ ಕುಳಿತು ಮಾತನಾಡೋಣ ಎಂಬ ಧಾಟಿಯಲ್ಲಿ ಹೇಳಿದಾಗ ಅಹಂಕಾರವೆಂದು ಆಡಿಕೊಂಡವರು ಈ ಹಿನ್ನೆಲೆಯನ್ನು ಒಮ್ಮೆ ನೆನೆಯಬೇಕಿತ್ತು. ಮೆಕಾರ್ಟ್ನಿಯವರ ಮಾತಿನಲ್ಲಿ ನನಗೆ ಕಂಡದ್ದು ಆತಿಥ್ಯ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹೊನ್ನಾವರ ಬಸ್ ನಿಲ್ದಾಣದಲ್ಲಿ ಹಿರಿಯ ವೇಷಧಾರಿಯೊಬ್ಬರು ಕುಮಟಾ ಬಸ್ಸಿಗೆ ಕಾಯುತ್ತ ನಿಂತಿದ್ದರು. ಹಿಂದಿನ ರಾತ್ರಿ ಆಟ ಮುಗಿಸಿ ಬಂದವರು. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಒರೆಸಿಕೊಂಡಿದ್ದರೂ ಕಿವಿಯ ಹಿಂದೆ ಕೆಂಪು ಬಣ್ಣದ ಎಳೆಯೊಂದು ಉಳಿದಿತ್ತು. ಇಬ್ಬರು ಹುಡುಗರು ಫೋನ್ ಹಿಡಿದು ಬಂದು, “ಹೆಗಡೇರೇ, ಆ ಹಳೇ ಅಟ್ಟಹಾಸ ಒಂದ್ಸಲ ಮಾಡಿ, ವಿಡಿಯೋ ಮಾಡ್ಕೊಳ್ತೇವೆ” ಎಂದರು. ಅವರು ಬೇಸರಿಸದೆ, “ಇವತ್ತು ರಾತ್ರಿ ಆಟ ಇದ್ದು ತಮ್ಮಾ, ಅಲ್ಲಿಗೇ ಬನ್ನಿ” ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ಅವರ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ನಾನು ಹಳೆಯ ಮೇಳಗಳ ವಿಷಯ ತೆಗೆದರೂ ಅವರು ಬಾಯಿಬಿಡಲಿಲ್ಲ. ರಾತ್ರಿ ಭಾಗವತರು ಒಂದು ಪದ್ಯವನ್ನು ಎಂದಿಗಿಂತ ನಿಧಾನವಾಗಿ ಎತ್ತಿಕೊಂಡದ್ದರಿಂದ ತಮಗೆ ಮುಖಾಭಿನಯಕ್ಕೆ ಹೇಗೆ ಹೆಚ್ಚು ಎಡೆ ಸಿಕ್ಕಿತೆಂಬುದನ್ನು ಕುಮಟಾ ಬರುವ ತನಕ ವಿವರಿಸಿದರು. ಅಷ್ಟು ವಯಸ್ಸಿನ ಕಲಾವಿದರ ತಲೆಯಲ್ಲಿ ಇದ್ದದ್ದು ನಿನ್ನೆಯ ಆಟ ಮತ್ತು ಇಂದಿನ ಆಟ.

ಹಾಗೆಂದು ಏನು ಕೊಟ್ಟರೂ ಸ್ವೀಕರಿಸಬೇಕೆಂದು ನಾನು ವಾದಿಸುತ್ತಿಲ್ಲ. ಸಾವಿರಾರು ರೂಪಾಯಿ ಟಿಕೆಟ್ ಪಡೆದು, ಹಳೆಯ ಧ್ವನಿಮುದ್ರಣ ಹಾಕಿ ಬಾಯಾಡಿಸುವುದು ಕೇಳುಗರಿಗೆ ಮಾಡುವ ವಂಚನೆ. ಅದನ್ನು ಖಂಡಿಸುವ ಹಕ್ಕು ಅಭಿಮಾನಿಗೆ ಇದ್ದೇ ಇದೆ. ಕಂಪಿಸುವ ದನಿಯಾದರೂ ಅದು ಅವರದೇ, ಆ ಹೊತ್ತಿನದೇ ಆಗಿರಬೇಕು. ನಿಲ್ಲಿಸಬೇಕೆನಿಸಿದವರು ತಾವಾಗಿಯೇ ನಿಲ್ಲಿಸಿದ್ದಾರೆ: ಇಂಗ್ಲೆಂಡಿನ ಗಾಯಕ ಎಲ್ಟನ್ ಜಾನ್ ವಿದಾಯದ ಪ್ರವಾಸವನ್ನು 2023ರ ಜುಲೈನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮುಗಿಸಿದರು, ಗಾಯಕ ಸ್ಟೀವನ್ ಟೈಲರ್ ಅವರ ಗಂಟಲಿನ ಗಾಯ ವಾಸಿಯಾಗದ ಕಾರಣ ಅಮೆರಿಕದ ಏರೋಸ್ಮಿತ್ ತಂಡ 2024ರಲ್ಲಿ ಪ್ರವಾಸ ಕೈಬಿಟ್ಟಿತು, ನಮ್ಮ ಎಸ್. ಜಾನಕಿಯವರು 2017ರಲ್ಲಿ ಮೈಸೂರಿನಲ್ಲಿ ವಿದಾಯ ಹೇಳಿದರು. ಉಳಿದವರು ಹಾಡುತ್ತೇವೆ ಎನ್ನುತ್ತಿದ್ದಾರೆ. ಅವರಲ್ಲಿ ಯಾರೇ ಗೋವಾಕ್ಕೋ ಮುಂಬೈಗೋ ಬಂದರೂ ಕುಮಟಾದಲ್ಲಿ ರೈಲು ಹತ್ತಿ ಹೋಗುವವನು ನಾನು. ಹಳೆಯ ಹಾಡು ಬಿಟ್ಟು ಕಳೆದ ವರ್ಷ ಬರೆದದ್ದನ್ನು ಹಾಡಿದರೆ, ಎದ್ದು ಹೊರಗೆ ಹೋಗದೆ ಅದನ್ನೂ ಕೊನೆಯ ತನಕ ಕೇಳುತ್ತೇನೆ.