ಬೂದು ಬಣ್ಣದ ಪಂಚಾಯಿತಿ

ಮುಲುಂಡಿನ ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲೆ ಮೂರು ವಾರಗಳಿಂದ ಎರಡು ಚೌಕಗಳು ಕುಳಿತಿವೆ. ಎರಡೂ ಬೂದು. "ಒಂದೇ ಬಣ್ಣವನ್ನು ಎರಡು ಕಡೆ ಬಳಿದಿದ್ದೀರಲ್ಲ, ಏಕೆ?" ಎಂದು ಪಕ್ಕದ ಮನೆಯವರು ಕೇಳಿದ ದಿನ ನನ್ನ ಹೆಂಡತಿ ಅವರಿಗೆ ಚಹಾ ಕೊಡುವುದನ್ನೇ ಮರೆತಳು.

ಹೆಸರುಗಳು ಬಂದದ್ದು ಅಮೆರಿಕದಲ್ಲಿರುವ ನಾದಿನಿಯಿಂದ. ಷರ್ವಿನ್ ವಿಲಿಯಮ್ಸ್ ಕಂಪನಿಯ ಅಗ್ರಿಯಬಲ್ ಗ್ರೇ ಮತ್ತು ರಿಪೋಸ್ ಗ್ರೇ ಅಲ್ಲಿ ಮನೆಮನೆಯ ಬಣ್ಣಗಳಂತೆ. ಗೋಡೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದಕ್ಕೆ ಬಣ್ಣದವರು ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ. ಮೊದಲನೆಯದಕ್ಕೆ 60, ಎರಡನೆಯದಕ್ಕೆ 58. ಈ ಎರಡು ಅಂಕಗಳ ಅಂತರ ಕಣ್ಣಿಗೆ ದಕ್ಕುವಂಥದ್ದಲ್ಲ. ನಿಜವಾದ ಜಗಳ ಒಳಗಿನ ಛಾಯೆಯದು: ಮೊದಲನೆಯದರಲ್ಲಿ ಕಂದಿನ ಕಾವಿದೆ, ಎರಡನೆಯದು ತುಸು ತಣ್ಣಗಿದೆ. ಇಲ್ಲಿನ ಅಂಗಡಿಯವರು ಬಿಳಿ ಬೇಸ್‌ಗೆ ಯಂತ್ರದಿಂದ ಕಪ್ಪು, ಹಳದಿ, ಕೆಂಪುಗಳನ್ನು ಹನಿ ಲೆಕ್ಕದಲ್ಲಿ ಬಿಡಿಸಿ, ಅವುಗಳ ಹತ್ತಿರಕ್ಕೆ ಬರುವ ಎರಡು ಸಣ್ಣ ಡಬ್ಬಿಗಳನ್ನು ಕಲಸಿಕೊಟ್ಟರು. ಮನೆಗೆ ಬಂದ ಮೇಲೆ ಅವಕ್ಕೆ ಒಲೆಬೂದಿ, ಪಾರಿವಾಳ ಎಂದು ಮರುನಾಮಕರಣವಾಯಿತು. ಮುಂಬಯಿಯಲ್ಲಿ ಕಿಟಕಿಯ ಹೊರಗೆ ಸಾಲದೆಂದು ಒಳಗೂ ಪಾರಿವಾಳವೇ ಎಂದು ನಾನು ಗೊಣಗಿದೆನಾದರೂ ನನ್ನ ಮತ ಅದಕ್ಕೇ ಇತ್ತು. ಅಡುಗೆಮನೆಯ ನೆಲದಲ್ಲಿರುವ, ನಮ್ಮ ಕಲಬುರಗಿ ಕಡೆಯಿಂದ ಬಂದ ಶಹಾಬಾದ್ ಕಲ್ಲಿನ ಪಕ್ಕದಲ್ಲಿ ಬಣ್ಣ ಬಳಿದ ರಟ್ಟುಗಳನ್ನಿಟ್ಟು ನೋಡಿದಾಗ, ಪಾರಿವಾಳ ಕಲ್ಲಿನ ತಂಗಿಯಂತೆ ಕಂಡಿತು. ಒಲೆಬೂದಿ ಮಾತ್ರ ಯಾರೋ ಒರೆಸಲು ಮರೆತ ಧೂಳಿನಂತಿತ್ತು.

ಹೆಂಡತಿ ಒಪ್ಪಲಿಲ್ಲ. "ರೀ, ಪಾರಿವಾಳ ಬೂದು ಅಲ್ಲವೇ ಅಲ್ಲ, ನೀಲಿ" ಎಂದಳು. ನನಗೆ ನೀಲಿ ಎಳ್ಳಷ್ಟೂ ಕಾಣಲಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವ ಮಾತು ಎರಡೂ ಕಡೆಯಿಂದ ಬಂತು.

ಗುಟ್ಟು ಬಯಲಾದದ್ದು ಒಂದು ಭಾನುವಾರ. ವಾರದ ದಿನಗಳಲ್ಲಿ ನಾನು ಲೋಕಲ್ ಹಿಡಿದು ಮನೆ ಸೇರುವುದು ದೀಪ ಹಚ್ಚಿದ ಮೇಲೆ; ನಮ್ಮ ಹಾಲ್‌ನಲ್ಲಿರುವುದು ಹಳದಿ ಬೆಳಕಿನ ಬಲ್ಬು. ಆ ಬೆಳಕಿನಲ್ಲಿ ತಣ್ಣನೆಯ ಪಾರಿವಾಳ ಹದಕ್ಕೆ ಬರುತ್ತದೆ, ಮೊದಲೇ ಕಾವಿರುವ ಒಲೆಬೂದಿ ಹಾಲು ಹೆಚ್ಚಾದ ಚಹಾದಂತಾಗುತ್ತದೆ. ಹಗಲೆಲ್ಲ ಮನೆಯಲ್ಲಿರುವ ಅವಳು ಕಾಣುವುದಾದರೂ ಬೇರೆಯೇ ಗೋಡೆ. ಸೋರುವ ಕಿಟಕಿಗೆ ಸೊಸೈಟಿಯವರು ಮಳೆಗಾಲ ಶುರುವಾಗುವ ಮೊದಲೇ ನೀಲಿ ತಾಡಪತ್ರಿ ಕಟ್ಟಿದ್ದಾರೆ. ಮಧ್ಯಾಹ್ನದ ಬೆಳಕು ಅದನ್ನು ತೂರಿ ಒಳಗೆ ಬಂದಾಗ ಪಾರಿವಾಳದ ಚೌಕ ಹಿಂದೆ ರೇಶನ್ ಅಂಗಡಿಯಲ್ಲಿ ಸಿಗುತ್ತಿದ್ದ ಸೀಮೆಎಣ್ಣೆಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಒಲೆಬೂದಿ, ತನ್ನ ಹಳದಿಯಿಂದ ಆ ನೀಲಿಯನ್ನು ತಡೆದುಕೊಂಡು, ಮೂರು ವಾರಗಳಲ್ಲಿ ಮೊದಲ ಬಾರಿಗೆ ನನಗೆ ನೇರವಾದ ಬೂದಾಗಿ ಕಂಡಿತು.

ಗೋಡೆಯನ್ನು ಹೆಚ್ಚು ಹೊತ್ತು ನೋಡುವವರ ಮಾತೇ ನಡೆಯಲೆಂದು ಒಲೆಬೂದಿಯ ಹತ್ತು ಲೀಟರ್ ಡಬ್ಬಿಗೆ ಹೇಳಿ ಬಂದಿದ್ದೇನೆ. ಬಲ್ಬು ಬದಲಿಸುವ ವಿಷಯವನ್ನು ಇನ್ನೂ ಎತ್ತಿಲ್ಲ.