ಬರೇ ‘ರೀ’ ಹಚ್ಚಿದರ ನಮ್ಮ ಮಾತು ಆಗೂದಿಲ್ಲ

ಕಳೆದ ವಾರ ಕನ್ನಡದ ಒಂದು ಹಾಸ್ಯ ಧಾರಾವಾಹಿಯಲ್ಲಿ ವಿಜಾಪುರದಿಂದ ಬೀಗರು ಬಂದರು. ಬೆಂಗಳೂರಿನ ಮನೆ, ಸೋಫಾ, ಗಾಜಿನ ಟೀಪಾಯಿ. ಬಾಗಿಲು ತೆರೆಯುತ್ತಲೇ ಹಿನ್ನೆಲೆಯಲ್ಲಿ ಡೊಳ್ಳು ಬಡಿಯಿತು. ತಲೆಗೆ ಪಟಗ, ಹೆಗಲಿಗೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಒಳಗೆ ಕಾಲಿಟ್ಟವರೇ, “ಏನ್ ಲೇ ಬೀಗಾ, ನೀ ಆರಾಮ ಅದೀರೇನ್ರೀ?” ಎಂದು ಕೂಗಿದರು. ನಗುವಿನ ಸದ್ದು ಬಿತ್ತು.

ಆ ಒಂದು ಸಾಲಿನಲ್ಲಿ ಎರಡು ತಪ್ಪು. ಬೀಗರಿಗೆ ‘ಲೇ’ ಅನ್ನುವ ಮನುಷ್ಯ ಬೆಳಗಾವಿ, ಬಾಗಲಕೋಟೆ, ವಿಜಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲೂ ಸಿಗುವುದಿಲ್ಲ, ಕುಡಿದಾಗಲೂ ಸಿಗುವುದಿಲ್ಲ. ‘ನೀ’ ಅಂದ ಮೇಲೆ ‘ಅದಿ’, ‘ನೀವ’ ಅಂದ ಮೇಲೆ ‘ಅದೀರಿ’. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಮೂರು ವರ್ಷದ ಕೂಸೂ ಮಾಡದ ತಪ್ಪು. ತಪ್ಪು ಹೋಗಲಿ ಎನ್ನಬಹುದಿತ್ತು. ಆದರೆ ಆ ಕಂತಿನ 20 ನಿಮಿಷದಲ್ಲಿ ಬೀಗರ ಬಾಯಿಗೆ ಬೇರೆ ಹಾಸ್ಯವನ್ನೇ ಕೊಟ್ಟಿರಲಿಲ್ಲ. ಅವರು ಬಾಯಿ ತೆರೆಯುವುದೇ ಹಾಸ್ಯ ಎಂದು ಬರೆದವರು ತಿಳಿದಂತಿತ್ತು.

ಪುಣೆಯಲ್ಲಿದ್ದು ಮರಾಠಿ ವಾಹಿನಿಗಳನ್ನೂ ನೋಡುವವರಿಗೆ ಇದು ಹೆಚ್ಚು ಚುಚ್ಚುತ್ತದೆ. ಮರಾಠಿಯವರಿಗೂ ನಮ್ಮ ಹಾಗೇ ನಾಲ್ಕು ದಿಕ್ಕಿಗೆ ನಾಲ್ಕು ಮಾತು. ಕೊಂಕಣದ ಮಾಲವಣಿ, ವಿದರ್ಭದ ವರ್ಹಾಡಿ, ಕೊಲ್ಲಾಪುರದ್ದು ಇನ್ನೊಂದು. ಪುಣೇಕರರಿಗೆ ತಮ್ಮ ಮಾತೇ ಶುದ್ಧ ಎನ್ನುವ ಬಿಗುಮಾನವೂ ಭಾಳ. ಆದರೂ 2016ರಲ್ಲಿ ಜೀ ಮರಾಠಿಯಲ್ಲಿ ಶುರುವಾದ ‘ಮಾಝ್ಯಾ ನವರ್‍ಯಾಚಿ ಬಾಯಕೋ’ ಧಾರಾವಾಹಿಯ ನಾಯಕಿ ರಾಧಿಕಾ ನಾಗಪುರದ ಹೆಣ್ಣುಮಗಳು. ಅನಿತಾ ದಾತೆ ಆ ಪಾತ್ರ ಮಾಡಿದರು. ಗಂಡ ಮುಂಬೈಯ ಆಫೀಸಿನವ, ಅವನಿಗೆ ಇನ್ನೊಬ್ಬಳ ಹುಚ್ಚು. ರಾಧಿಕಾ ಮಸಾಲೆ ಮಾಡಿ ಮಾರಿ ಒಂದು ಕಂಪನಿಯನ್ನೇ ಕಟ್ಟುತ್ತಾಳೆ. ಅಳುವುದೂ ನಗಿಸುವುದೂ ಗಂಡನ ಬೆವರಿಳಿಸುವುದೂ ಎಲ್ಲ ಅವಳ ನಾಗಪುರದ ಧಾಟಿಯಲ್ಲೇ. ಆ ಧಾಟಿ ಕೇಳಿ ನಕ್ಕವರಿದ್ದರು, ಸರಿ. ಆದರೆ ಸೋತವನು ಅವಳ ಮಾತಿಗೆ ನಾಚುತ್ತಿದ್ದ ಗಂಡ, ಗೆದ್ದದ್ದು ಅವಳು. ಅದೇ ವರ್ಷ ಬಂದ ‘ತುಝ್ಯಾತ್ ಜೀವ್ ರಂಗಲಾ’ದ ಪೈಲವಾನ ರಾಣಾ ನಾಲ್ಕು ವರ್ಷಕ್ಕೂ ಮಿಕ್ಕಿ ಕೊಲ್ಲಾಪುರದ ಹಳ್ಳಿಯ ಮರಾಠಿಯನ್ನೇ ಆಡಿದ. ಕೊಲ್ಲಾಪುರ ನಮ್ಮ ನಿಪ್ಪಾಣಿಯಿಂದ ಬರೀ 40 ಕಿಲೋಮೀಟರ್. ಗಡಿಯ ಆಚೆ ನಾಯಕನಿಗೆ ಒಪ್ಪುವ ಮಾತಿನ ಗತ್ತು ಈಚೆಗೆ ಬರುತ್ತಲೇ ಯಾಕೆ ಅಡುಗೆ ಭಟ್ಟನಿಗೋ ಲಾರಿ ಚಾಲಕನಿಗೋ ಮೀಸಲಾಗುತ್ತದೆ?

ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಬಿಡಿಸಿ ನೋಡಬೇಕು.

ಮೊದಲನೆಯದು ಬರವಣಿಗೆ. ಸಂಭಾಷಣೆ ಮೊದಲು ಬೆಂಗಳೂರು ಕನ್ನಡದಲ್ಲಿ ಬರುತ್ತದೆ. ಆಮೇಲೆ ಅದಕ್ಕೆ ‘ರೀ’, ‘ಲೇ’, ‘ಐತಿ’, ‘ಮಗನ’ ಅಂಟಿಸುತ್ತಾರೆ. ಒಳಗಿನ ವಾಕ್ಯ ಹಾಗೆಯೇ ಉಳಿಯುತ್ತದೆ. “ನಮ್ಮ ಮನೇಲಿ ಎಲ್ರೂ ಕಾಯ್ತಾ ಐತ್ರೀ” ಅನ್ನುವಂಥ ಮಾತು ಹುಟ್ಟುವುದು ಹೀಗೆ. ನಮ್ಮಲ್ಲಿ ಅದು “ನಮ್ಮ ಮನ್ಯಾಗ ಎಲ್ಲಾರೂ ಹಾದಿ ನೋಡಾಕತ್ತಾರ್ರಿ”. ‘ಅಲ್ಲಿ’ ಇದ್ದಲ್ಲಿ ‘ಆಗ’ ಬರಬೇಕು: ಊರಾಗ, ಹೊಲದಾಗ, ಬಸ್ಸಿನ್ಯಾಗ. ‘ಮನೆ, ಬೆಣ್ಣೆ, ಕುದುರೆ’ಗಳ ಕೊನೆಯ ‘ಎ’ ನಮ್ಮಲ್ಲಿ ‘ಇ’ ಆಗುತ್ತದೆ: ಮನಿ, ಬೆಣ್ಣಿ, ಕುದರಿ. ‘ಮೇಲೆ, ಕೆಳಗೆ, ಹೇಗೆ, ಯಾಕೆ’ ಅನ್ನುವಲ್ಲಿ ಅದೇ ‘ಎ’ ಹೋಗಿ ‘ಅ’ ಬರುತ್ತದೆ: ಮ್ಯಾಲ, ಕೆಳಗ, ಹೆಂಗ, ಯಾಕ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಟನ ಕೈಗೆ ಕೊಟ್ಟರೆ ಅರ್ಧ ತಪ್ಪು ಅಲ್ಲೇ ನಿಂತುಹೋಗುತ್ತದೆ. ಇನ್ನು ‘ಕಣ್ರೀ’. ಅದು ಬೆಂಗಳೂರು, ಮೈಸೂರು ಕಡೆಯ ಮಾತು, ನಮ್ಮದಲ್ಲ. “ಹಂಗೇನಿಲ್ಲ ಕಣ್ರೀ, ನಮ್ಮೂರಾಗ ಹಿಂಗ ಐತಿ” ಎಂದು ಪಾತ್ರ ಹೇಳಿದ ಕ್ಷಣ ಜಮಖಂಡಿಯಲ್ಲಿ ಟೀವಿ ನೋಡುತ್ತ ಕುಂತ ಅಜ್ಜಿ ಎಲಿಅಡಿಕಿ ಡಬ್ಬಿ ತೆಗೆಯುತ್ತಾಳೆ, ನೋಡುವ ಆಸೆ ಬಿಡುತ್ತಾಳೆ.

ಎರಡನೆಯದು, ಪಾತ್ರಕ್ಕೆ ಊರೇ ಇರುವುದಿಲ್ಲ. ‘ಉತ್ತರ ಕರ್ನಾಟಕದವರು’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆ ಹೆಚ್ಚಾಗಿ ‘ಐತಿ’, ಸಿಂದಗಿ, ಇಂಡಿ ಕಡೆ ಹೋದಂತೆ ‘ಅದ’ ಹೆಚ್ಚು. ಒಬ್ಬರು ‘ಮಾಡಾಕತ್ತೀನಿ’ ಅಂದರೆ ಇನ್ನೊಬ್ಬರು ‘ಮಾಡ್ಲಾಕತ್ತೀನಿ’. ಚಿಕ್ಕೋಡಿ, ಅಥಣಿ ಕಡೆಯವರ ಮಾತಿನಲ್ಲಿ ‘ಬರೋಬ್ಬರಿ’, ‘ಲಗೂನ’ ತುಂಬಿರುತ್ತವೆ. ವಿಜಾಪುರದ ಹುಡುಗ ಅಜ್ಜನಿಗೆ ‘ಮುತ್ಯಾ’ ಅಂತಾನೆ. ಧಾರಾವಾಹಿಯ ಪಾತ್ರ ಮೊದಲ ಸಾಲಿನಲ್ಲಿ ‘ಐತಿ’, ಎರಡನೆಯದರಲ್ಲಿ ‘ಅದ’, ಮೂರನೆಯದರಲ್ಲಿ ‘ಇದೆ’ ಅನ್ನುತ್ತದೆ. ಬೆಂಗಳೂರಿನ ನೋಡುಗನಿಗೆ ಫರಕು ಗೊತ್ತಾಗದೇ ಇರಬಹುದು. ಆದರೆ ನಟನಿಗೆ ಗೊತ್ತಾಗುತ್ತದೆ. ತಾನು ಯಾರು, ಯಾವ ಊರವ ಎಂಬುದು ನಾಲಿಗೆಗೆ ಸಿಗದಿದ್ದರೆ ಅವನು ಕೂಗಾಟಕ್ಕೆ ಇಳಿಯುತ್ತಾನೆ. ಹಾಸ್ಯ ಕೆಡುವುದು ಅಲ್ಲೇ.

‘ಬೇ’ ಇನ್ನೊಂದು. “ಯವ್ವಾ, ನೀರ ಕೊಡ ಬೇ” ಎಂದು ಮಗ ತಾಯಿಗೆ ಹೇಳುವ ಮಾತು ಅದು. ಹೆಣ್ಣುಮಕ್ಕಳಿಗೆ ಹಚ್ಚುವ, ಸಲಿಗೆಯ, ಮೆತ್ತನ್ನ ಮಾತು. ಟೀವಿಯ ಬರಹಗಾರರು ಅದನ್ನು ಹಿಂದಿಯ ‘ಅಬೇ’ ಎಂದು ತಿಳಿದು ಇಬ್ಬರು ರೌಡಿಗಳ ಬಾಯಿಗೆ ತುರುಕಿದ್ದಾರೆ. ಎರಡು ವಾರದ ಹಿಂದಿನ ಒಂದು ಕಂತಿನಲ್ಲಿ ಇದನ್ನು ಕೇಳಿದಾಗ ನಗು ಹಾಗಿರಲಿ, ಮನಸ್ಸಿಗೆ ಕೆಟ್ಟದೆನಿಸಿತು.

ಮೂರನೆಯದು ಚಿತ್ರೀಕರಣದ ಪದ್ಧತಿ. ವಾರಕ್ಕೆ ಐದಾರು ಕಂತು ಕೊಡಬೇಕು. ಅರ್ಧ ಗಂಟೆಯ ಕಂತೆಂದರೆ ಜಾಹೀರಾತು ಕಳೆದು 20–22 ನಿಮಿಷದ ದೃಶ್ಯ. ಸಂಭಾಷಣೆ ಎಷ್ಟೋ ಸಲ ಆ ದಿನ ಬೆಳಗ್ಗೆಯೇ ಕೈಗೆ ಬರುತ್ತದೆ. ಬಾಯಿಪಾಠಕ್ಕೆ ವೇಳೆ ಇಲ್ಲ, ಹಾಗಾಗಿ ಕ್ಯಾಮೆರಾದ ಪಕ್ಕ ನಿಂತ ಸಹಾಯಕ ಒಂದೊಂದೇ ಸಾಲನ್ನು ಓದಿ ಹೇಳುತ್ತಾನೆ, ನಟ ಅದನ್ನು ತಿರುಗಿ ಹೇಳುತ್ತಾನೆ. ಪ್ರಾಂಪ್ಟಿಂಗ್ ಅನ್ನುವುದು ಇದಕ್ಕೇ. ಓದುವವನು ಹಾಸನದ ಕಡೆಯವನಾದರೆ ಸಾಲಿನ ಏರಿಳಿತ ಹಾಸನದ್ದು. ನಟ ಗೋಕಾಕದವನೇ ಆಗಿದ್ದರೂ ಕಿವಿಗೆ ಬಿದ್ದ ರಾಗವೇ ಬಾಯಿಗೆ ಬರುತ್ತದೆ. ಹೊಸ ನಟರನ್ನು ಹುಡುಕುವ ಮೊದಲು ಆ ಜಾಗಕ್ಕೆ ಒಬ್ಬ ಮುಧೋಳದ ಹುಡುಗನನ್ನೋ ಬೈಲಹೊಂಗಲದ ಹುಡುಗಿಯನ್ನೋ ನಿಲ್ಲಿಸಿದರೆ ಸಾಕು. ಖರ್ಚು ಒಂದೇ ಸಂಬಳದ್ದು.

ಇಷ್ಟೆಲ್ಲ ಸರಿ ಮಾಡಿದರೂ ಉಳಿಯುವ ದೊಡ್ಡ ಕೊರತೆ ಲಯದ್ದು. ಉತ್ತರ ಕರ್ನಾಟಕದವರು ಜೋರಾಗಿ ಮಾತಾಡುತ್ತಾರೆ ಎಂಬ ನಂಬಿಕೆಯ ಮೇಲೆ ಎಲ್ಲ ಸಾಲನ್ನೂ ಒಂದೇ ಎತ್ತರದಲ್ಲಿ ಒದರಿಸುತ್ತಾರೆ. ನಮ್ಮ ಮಂದಿ ಜೋರಾಗಿ ಮಾತಾಡುವುದು ಖರೆ. ಆದರೆ ನಗಿಸುವ ಮಾತನ್ನು ದನಿ ಇಳಿಸಿ, ಮುಖ ಗಂಟು ಹಾಕಿಕೊಂಡು ಆಡುತ್ತಾರೆ. ಕೊಟ್ಟ ಸಾಲ ತಿರುಗಿ ಕೇಳಲು ಬಂದ ಸಾಹುಕಾರನಿಗೆ ಕಟ್ಟಿ ಮೇಲೆ ಕುಂತವ ಹೇಳುತ್ತಾನೆ: “ಕೊಡೂದಿಲ್ಲ ಅಂತ ನಾ ಯಾವಾಗ ಅಂದೀನ್ರಿ? ಯಾವಾಗ ಕೊಡ್ತಿ ಅಂತ ಕೇಳಬ್ಯಾಡ್ರಿ ಅಂದೀನಿ, ಅಷ್ಟ.” ಇದರಲ್ಲಿ ‘ರಿ’ ಎಲ್ಲಿ ಬಂತು, ಎಲ್ಲಿ ಬಿಟ್ಟಿತು ನೋಡಿ. ಮರ್ಯಾದೆ ಪೂರಾ ಕೊಟ್ಟಾನೆ, ರೊಕ್ಕ ಮಾತ್ರ ಕೊಟ್ಟಿಲ್ಲ. ಇದಕ್ಕೆ ಒಂದು ‘ಲೇ ಮಗನ’ ಸೇರಿಸಿದರೆ ಅದು ಜಗಳ ಆಗುತ್ತದೆ, ಹಾಸ್ಯ ಸಾಯುತ್ತದೆ.

ಅಡುಗೆಮನೆಯ ದೃಶ್ಯವೊಂದನ್ನು ಹತ್ತಿರದಿಂದ ನೋಡೋಣ. ಅದೇ ಧಾರಾವಾಹಿಯಲ್ಲಿ ಬೀಗತಿ ಲಟ್ಟಣಿಗೆ ಹಿಡಿದು ಜೋಳದ ರೊಟ್ಟಿ ಮಾಡಿದರು. ಲಟ್ಟಿಸುವುದು ಚಪಾತಿ. ರೊಟ್ಟಿಗೆ ಹಿಟ್ಟಿನ ನಡುವೆ ಕುದಿಯುವ ಎಸರು ಹೊಯ್ದು, ಕೈ ತಾಳುವಷ್ಟಾದ ಮೇಲೆ ನಾದಿ, ಒಣ ಹಿಟ್ಟು ಉದುರಿಸಿ ಅಂಗೈಯಿಂದ ಬಡಿಯಬೇಕು. ಬಡಿಬಡಿದಂತೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಇದನ್ನು ಹೇಳುತ್ತಿರುವುದು ಆ ಸಪ್ಪಳದ ಸಲುವಾಗಿ. ನಮ್ಮ ಮನೆಗಳಲ್ಲಿ ಗಂಡ-ಹೆಂಡಿರ ಅರ್ಧ ಮಾತು ನಡೆಯುವುದು ಈ ಸಪ್ಪಳದ ನಡುವೆ. ಬಾದಾಮಿಯ ಬನಶಂಕರಿ ಜಾತ್ರೆಯ ದಿನ. ಗಂಡ ಅಡುಗೆಮನೆಯ ಬಾಗಿಲಿಗೆ ಬಂದು, “ನಾಟಕಕ್ಕ ಹೋಗಿ ಬರ್ಲೇನ?” ಅಂತಾನೆ. ಉತ್ತರ ಇಲ್ಲ. ಟಪ್ ಟಪ್ ಟಪ್. ಅವನು ಕಾಲು ಬದಲಿಸಿ ನಿಲ್ಲುತ್ತಾನೆ. ಬಡಿತ ಜೋರಾಗುತ್ತದೆ. ಆಮೇಲೆ ಒಮ್ಮೆಲೆ ನಿಲ್ಲುತ್ತದೆ. ಎರಡು ಸೆಕೆಂಡು ಬಿಟ್ಟು ಅವಳು ತಲೆ ಎತ್ತದೆ ಕೇಳುತ್ತಾಳೆ, “ನಿನ್ನಿ ನೋಡಿದ ಕಥಿ ಇವತ್ತ ಬದಲ ಆಗೇತೇನ್ರಿ?” ಆ ಎರಡು ಸೆಕೆಂಡಿನಲ್ಲೇ ಹಾಸ್ಯವೆಲ್ಲ ಇದೆ. ನಮ್ಮ ಧಾರಾವಾಹಿಯ ಸಂಕಲನಕಾರರು ಮೌನ ಕಂಡರೆ ಅಲ್ಲಿ ಒಂದು ‘ಡೊಂಯ್’ ಸದ್ದು ಹಾಕುತ್ತಾರೆ, ಮೂರು ಮುಖಗಳನ್ನು ಮೂರು ಸಲ ತೋರಿಸುತ್ತಾರೆ. ಮರಾಠಿ ಪ್ರಹಸನಗಳಲ್ಲಿ, ಅದರಲ್ಲೂ 2014ರಿಂದ ಬಂದ ‘ಚಲಾ ಹವಾ ಯೇವೂ ದ್ಯಾ’ದಲ್ಲಿ ಭಾರತ ಗಣೇಶಪುರೆ ವರ್ಹಾಡಿಯಲ್ಲಿ ಒಂದು ಮಾತು ಆಡಿ ಸುಮ್ಮನೆ ನಿಂತುಬಿಡುತ್ತಿದ್ದರು. ಎದುರಿನವರು ಕಾಯುತ್ತಿದ್ದರು. ನಗು ತಾನೇ ಬರುತ್ತಿತ್ತು.

ಈ ಕಾಯುವ ಕಲೆ ನಮ್ಮದೇ ಆಗಿತ್ತು. ಕುಲಗೋಡ, ಕೌಜಲಗಿ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತನೂ ದೂತಿಯೂ ಹಾಡಿನ ನಡುವೆ ಆಡುವ ಮಾತು ಬರೆದಿಟ್ಟದ್ದಲ್ಲ. ಆ ರಾತ್ರಿ, ಆ ಊರಿನ ಮಂದಿಯ ಮುಖ ನೋಡಿ ಹುಟ್ಟಿದ್ದು. ಸವದತ್ತಿ ಕಡೆಯ ಏಣಗಿ ಬಾಳಪ್ಪನವರಂಥವರು ಜೀವಮಾನ ಸವೆಸಿದ ಕಂಪನಿ ನಾಟಕಗಳಿಗೆ ಇದೇ ನೆಲದ ಮಂದಿ ರಾತ್ರಿಯಿಡೀ ಕುಂತು ನಕ್ಕಿದ್ದಾರೆ. ಇಂಥ ಆಸ್ತಿ ಮನೆಯಲ್ಲಿಟ್ಟುಕೊಂಡು ಟೀವಿಯಲ್ಲಿ ಡೊಳ್ಳು ಬಾರಿಸಿ ಕಂಬಳಿ ಹೊದಿಸುವುದನ್ನು ಕಂಡರೆ ಸಿಟ್ಟು ಬರುತ್ತದೆ.

‘ಹೌದ್ದೋ ಹುಲಿಯಾ’ದ ಗತಿಯನ್ನೇ ನೋಡಿ. 2019ರ ಉಪಚುನಾವಣೆಯ ಹೊತ್ತಿಗೆ ಕಾಗವಾಡ ಕಡೆಯ ಪ್ರಚಾರಸಭೆಯಲ್ಲಿ, ಭಾಷಣ ನಡೆದಾಗ ಕೆಳಗೆ ಕುಂತ ಒಬ್ಬರು ಹುರುಪಿನಿಂದ ಕೂಗಿದ ಮಾತದು. ಎಲ್ಲಿ ಬೀಳಬೇಕೋ ಅಲ್ಲಿ, ಮಾತಿನ ಸಂದಿ ನೋಡಿ ಬಿದ್ದದ್ದಕ್ಕೇ ನಾಡೆಲ್ಲ ನಕ್ಕಿತು. ಟೀವಿಯವರು ಮಾತನ್ನು ಎತ್ತಿಕೊಂಡರು, ಸಂದಿ ನೋಡುವುದನ್ನು ಬಿಟ್ಟರು. ಮದುವೆ ದೃಶ್ಯಕ್ಕೂ ಅದೇ, ಆಸ್ಪತ್ರೆ ದೃಶ್ಯಕ್ಕೂ ಅದೇ. ಕೆಲವೇ ತಿಂಗಳಲ್ಲಿ ಅದರ ಜೀವ ಹೋಯಿತು.

ಮರಾಠಿಯವರದು ಎಲ್ಲ ಸರಿ ಎಂದೇನೂ ಅಲ್ಲ, ಅದನ್ನೂ ಹೇಳಬೇಕು. ಮನೆಗೆಲಸದ ಹೆಂಗಸು ಬಂದರೆ ಅವಳ ಬಾಯಿಗೆ ಹಳ್ಳಿಯ ಮರಾಠಿ ಹಾಕುವ ಚಾಳಿ ಅಲ್ಲೂ ಇದೆ. ನಾಗಪುರದವರನ್ನು ಕೇಳಿದರೆ, ರಾಧಿಕಾ ಆಡಿದ್ದು ನಮ್ಮ ಪೂರಾ ಮಾತಲ್ಲ, ಪುಣೆಯವರಿಗೆ ತಿಳಿಯಲೆಂದು ನೀರು ಹಾಕಿದ್ದು ಅಂತಾರೆ. ದೂರದಿಂದ ನೋಡುವವರಿಗೆ ಬೇರೆಯವರ ಹಿತ್ತಲು ಹಸಿರಾಗಿಯೇ ಕಾಣುತ್ತದೆ, ಊರು ಬಿಟ್ಟವರಿಗೆ ಊರಿನ ಮಾತು ಇನ್ನಷ್ಟು ಮೆತ್ತಗಾಗಿ ಕೇಳಿಸುತ್ತದೆ.

ಕನ್ನಡದಲ್ಲೂ ಆಗಿರುವುದನ್ನು ಒಪ್ಪಿಕೊಳ್ಳಬೇಕು. 2016ರಿಂದ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ನಮ್ಮ ಕಡೆಯ ಎಷ್ಟೋ ಹುಡುಗರನ್ನು ವೇದಿಕೆಗೆ ತಂದಿತು. ಅವರು ತಮ್ಮ ಪ್ರಹಸನ ತಾವೇ ಕೂಡಿಸಿದ ದಿನ ಮಾತಿನಲ್ಲಿ ಒಂದು ಕಲ್ಲೂ ಸಿಗುತ್ತಿರಲಿಲ್ಲ. ಕಲರ್ಸ್ ಕನ್ನಡದ ‘ಗಿಣಿರಾಮ’ 2020ರಲ್ಲಿ ನಮ್ಮ ಮಾತನ್ನು ನಾಯಕನ ಬಾಯಿಗೇ ಕೊಟ್ಟಿತು. ಗಂಗಾವತಿ ಪ್ರಾಣೇಶ್ ಅವರ ಮಾತು ಕೇಳಲು ಮೈಸೂರಿನಲ್ಲೂ ಮಂದಿ ಕುರ್ಚಿ ಹಿಡಿದು ಕುಂತುಕೊಳ್ಳುತ್ತಾರೆ, ಯಾರಿಗೂ ತಿಳಿಯಲಿಲ್ಲ ಅಂದವರಿಲ್ಲ. ಇನ್ನೊಂದನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು: ಆ ಡೊಳ್ಳಿನ ಬೀಗರನ್ನು ನೋಡಿ ನಮ್ಮ ಊರಿನ ಮನೆಗಳಲ್ಲೂ ನಗುತ್ತಾರೆ. ಜಮಖಂಡಿ, ಬನಹಟ್ಟಿ ಕಡೆಯ ಹುಡುಗರು ಯೂಟ್ಯೂಬಿಗೆ ಮಾಡುವ ವಿಡಿಯೋಗಳಲ್ಲಿ ಮಾತು ಅಚ್ಚುಕಟ್ಟು, ಆದರೆ ಕೂಗಾಟ ಅಲ್ಲಿಗೂ ಬಂದಿದೆ. ಟೀವಿ ಕಲಿಸಿದ್ದನ್ನು ನಾವೂ ಕಲಿತಿದ್ದೇವೆ.

ಈ ವಾರದ ಮುನ್ನೋಟದಲ್ಲಿ ಅದೇ ಬೀಗರು ಊಟಕ್ಕೆ ಕುಂತಿದ್ದರು. ಕಂಬಳಿ ಇನ್ನೂ ಹೆಗಲ ಮೇಲೇ ಇತ್ತು. ಬಾಯಿ ತೆರೆದರು, ಆದರೆ ಮುನ್ನೋಟಕ್ಕೆ ಸಂಗೀತ ಹಾಕಿದ್ದರಿಂದ ಏನಂದರೆಂದು ಕೇಳಿಸಲಿಲ್ಲ. ತಾಟಿನಲ್ಲಿ ರೊಟ್ಟಿ ಕಂಡಿತು. ಅಂಚು ಭಾಳ ದುಂಡಗಿತ್ತು, ಬಡಿದದ್ದಲ್ಲ ಅನಿಸುತ್ತದೆ.